ಬುದ್ಧಿವಂತರ ಮೌಢ್ಯ: ಕಲಾದಗಿಯ ಬರ ಮತ್ತು ಬೈಬಲಿನ ವಿವೇಕ



ಜ್ಞಾನದ ಬಗ್ಗೆ ಮಾತಾಡಲು ವಿಜಯಪುರ ಜಿಲ್ಲೆಯ ಈ ತೊರವಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಈ ಊರ ನರಸಿಂಹನನ್ನು ನೆನೆದು ನರಹರಿ ಕವಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದು ಕುಮಾರವಾಲ್ಮೀಕಿ ಎನಿಸಿಕೊಂಡ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇಲ್ಲಿಯೇ ನವರಸಪುರವನ್ನು ಕಟ್ಟಿಸತೊಡಗಿದ. ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ ಆ ಸುಲ್ತಾನನಿಗೆ ಜನ ಜಗದ್ಗುರು ಎಂದರು. ಊರು ಪೂರ್ತಿಯಾಗಲಿಲ್ಲ, 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿ ಹೋಯಿತು. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕದಿದ್ದರೆ ಕಂಡವರೆಲ್ಲ ನಕ್ಕಾರು ಎಂದು ಯೇಸು ಒಂದು ಕಡೆ ಹೇಳುತ್ತಾನೆ. ನವರಸಪುರದ ಉಳಿದ ಗೋಡೆಗಳನ್ನು ನೋಡಿದಾಗ ನನಗೆ ನಗು ಬರುವುದಿಲ್ಲ, ಆ ಮಾತು ಮಾತ್ರ ನೆನಪಾಗುತ್ತದೆ. ಇಂದು ಇದೇ ತೊರವಿಯಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಅರಮನೆ ಬಿಟ್ಟು ನಡೆದ ಆ ತಾಯಿಯನ್ನು ಅವಳ ಕಾಲದ ವ್ಯವಹಾರಸ್ಥರು ಏನೆಂದು ಕರೆದಿರಬಹುದು ಎಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ.

ಕ್ರೈಸ್ತ ದೃಷ್ಟಿಯಲ್ಲಿ ಮೌಢ್ಯ ಯಾವುದು, ನಿಜವಾದ ವಿವೇಕ ಯಾವುದು ಎಂಬುದು ಇಂದಿನ ವಿಷಯ. ಇದನ್ನು ದೇವಶಾಸ್ತ್ರದ ಪಾಠವಾಗಿ ಒಪ್ಪಿಸಲು ನನಗೆ ಮನಸ್ಸಿಲ್ಲ. ಗ್ರಂಥದ ಮಾತು ಗ್ರಂಥದೊಳಗೇ ಇದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದನ್ನು ಈ ಜಿಲ್ಲೆ ಉಂಡ ಒಂದು ಸಂಕಟದ ಎದುರು ಇಟ್ಟು ನೋಡೋಣ. 1876ರಿಂದ 1878ರವರೆಗಿನ ಬರ ಆ ಸಂಕಟ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಬೈಬಲಿನಲ್ಲಿ ಮೂಢನೆಂದರೆ ಅಕ್ಷರ ಬಾರದವನಲ್ಲ, ತಲೆ ಓಡದವನೂ ಅಲ್ಲ. ಅಲ್ಲಿನ ಮೂಢರು ಸಾಮಾನ್ಯವಾಗಿ ಚುರುಕು ಜನ, ಆಸ್ತಿವಂತರು, ಲೆಕ್ಕಪತ್ರದಲ್ಲಿ ಪಕ್ಕಾ ಇರುವವರು. ದೇವರಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವ ಒಬ್ಬ ಮೂಢ ಕೀರ್ತನೆಗಳಲ್ಲಿ ಬರುತ್ತಾನೆ. ಅವನನ್ನು ವಾದ ಮಾಡುವ ನಾಸ್ತಿಕನೆಂದು ತಿಳಿದು ಉಪದೇಶ ಕೊಡುವವರು ಅದೇ ಕೀರ್ತನೆಯನ್ನು ಇನ್ನೂ ನಾಲ್ಕು ಸಾಲು ಓದಬೇಕು. ರೊಟ್ಟಿ ತಿನ್ನುವಷ್ಟು ಸಲೀಸಾಗಿ ಜನರನ್ನೇ ತಿಂದು ಮುಗಿಸುವವರ ಮಾತು ಅಲ್ಲಿ ಬರುತ್ತದೆ. ಅವನು ನಿರಾಕರಿಸುತ್ತಿರುವುದು ಒಂದು ಸಿದ್ಧಾಂತವನ್ನಲ್ಲ, ತನ್ನನ್ನು ಲೆಕ್ಕ ಕೇಳುವವನೊಬ್ಬ ಇದ್ದಾನೆ ಎಂಬುದನ್ನು.

ಸಮುವೇಲನ ಮೊದಲನೆಯ ಪುಸ್ತಕದಲ್ಲಿ ನಾಬಾಲನ ಕಥೆಯಿದೆ. ಮೂರು ಸಾವಿರ ಕುರಿ, ಒಂದು ಸಾವಿರ ಆಡು ಇದ್ದವನು. ಉಣ್ಣೆ ಕತ್ತರಿಸುವ ಹಬ್ಬದ ದಿನ ದಾವೀದನ ಹಸಿದ ಆಳುಗಳು ಬಂದು ಏನಾದರೂ ಕೊಡಿ ಎಂದಾಗ ಅವನು ಕೊಡುವ ಉತ್ತರ ಒಬ್ಬ ಒಳ್ಳೆಯ ಕಾರಕೂನನ ಉತ್ತರ: ನನ್ನ ರೊಟ್ಟಿ, ನನ್ನ ನೀರು, ನನ್ನ ಆಳುಗಳಿಗೆ ಕೊಯ್ದ ಮಾಂಸ, ಎಲ್ಲಿಂದಲೋ ಬಂದವರಿಗೆ ಯಾಕೆ ಕೊಡಲಿ? ಕಾನೂನಿನ ಪ್ರಕಾರ ತಪ್ಪೇನಿಲ್ಲ. ಅವನ ಹೆಂಡತಿ ಅಬೀಗೈಲ್ ಗಂಡನಿಗೆ ಒಂದು ಮಾತೂ ಹೇಳದೆ ಇನ್ನೂರು ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಐದು ಕುರಿಗಳ ಮಾಂಸ, ಹುರಿದ ಕಾಳು, ಒಣದ್ರಾಕ್ಷಿ, ಅಂಜೂರದ ಉಂಡೆ ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿ ಕಳಿಸಿ ತಾನೂ ಹಿಂದೆಯೇ ಹೊರಟಳು. ಸಿಟ್ಟಿನಿಂದ ಕತ್ತಿ ಹಿಡಿದು ಹೊರಟಿದ್ದ ದಾವೀದನ ಕೈಯಿಂದ ಆ ಮನೆ ಉಳಿದದ್ದು ಅವಳಿಂದ. ಬೈಬಲು ಅವಳನ್ನು ಬುದ್ಧಿವಂತೆ ಎನ್ನುತ್ತದೆ. ಗಂಡನ ಕಣ್ಣಿಗೆ ಅದು ಶುದ್ಧ ದುಂದುಗಾರಿಕೆ. ಹಳೆಯ ಒಡಂಬಡಿಕೆಯ ಜ್ಞಾನಸಾಹಿತ್ಯ ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದರೆ ಜ್ಞಾನೋಕ್ತಿಗಳಿಗಿಂತ ಮೊದಲು ಈ ಕತ್ತೆಗಳ ಸಾಲನ್ನು ತೋರಿಸುವುದು ನನಗೆ ಇಷ್ಟ.

ಲೂಕನ ಸುವಾರ್ತೆಯಲ್ಲಿ ಇನ್ನೊಬ್ಬ ಬರುತ್ತಾನೆ. ಬೆಳೆ ಚೆನ್ನಾಗಿ ಬಂತು, ಕಣಜ ಸಾಲದಾಯಿತು. ಹಳೆಯವನ್ನು ಕೆಡವಿ ದೊಡ್ಡವನ್ನು ಕಟ್ಟಿಸುತ್ತೇನೆ, ಆಮೇಲೆ ಹಲವು ವರ್ಷ ನಿಶ್ಚಿಂತೆ ಎಂದು ಅವನು ತನ್ನೊಡನೆ ತಾನೇ ಮಾತಾಡಿಕೊಳ್ಳುತ್ತಾನೆ. ಆ ರಾತ್ರಿಯೇ ಅವನ ಪ್ರಾಣ ಹೋಗುತ್ತದೆ. ಯೇಸು ಅವನನ್ನು ಕಳ್ಳನೆಂದಾಗಲಿ ಮೋಸಗಾರನೆಂದಾಗಲಿ ಕರೆಯಲಿಲ್ಲ, ದೇವರ ಬಾಯಿಂದ ಮೂಢನೆಂದು ಕರೆಸಿದ.

ಸಭಿಕರೇ, ಈ ದೃಷ್ಟಾಂತವನ್ನು ವಿಜಯಪುರ ಜಿಲ್ಲೆಯ ರೈತ ಕೇಳಿದರೆ ಅವನಿಗೆ ಒಂದು ತಕರಾರು ಇರುತ್ತದೆ, ಮತ್ತು ಅದು ನ್ಯಾಯವಾದ ತಕರಾರು. ಕಾಳು ಕೂಡಿಡುವುದು ಮೂರ್ಖತನವಾದರೆ ನಮ್ಮ ಹಿರಿಯರೆಲ್ಲ ಮೂರ್ಖರೇ? ಡೋಣಿ ಹೊಳೆಯ ಸೀಮೆಯಲ್ಲಿ ಒಂದು ವರ್ಷ ಓಣಿಯಲ್ಲೆಲ್ಲ ಕಾಳು, ಮುಂದಿನೆರಡು ವರ್ಷ ಬರಿಗೈ. ಅದಕ್ಕಾಗಿಯೇ ನೆಲದಡಿಯ ಹಗೇವುಗಳಿದ್ದವು. ಗಟ್ಟಿ ಗರಸಿನ ನೆಲ ನೋಡಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಅಗೆಯಬೇಕು. ಒಳಗೋಡೆಗೂ ತಳಕ್ಕೂ ಒಣ ಮೇವು, ಹೊಟ್ಟು ಹಾಸಬೇಕು. ಚೆನ್ನಾಗಿ ಒಣಗಿದ ಬಿಳಿಜೋಳ ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು, ಮಣ್ಣು ಮೆತ್ತಿ ಮುಚ್ಚಬೇಕು. ಗಾಳಿ ಆಡದ ಕಡೆ ಹುಳಕ್ಕೆ ಉಸಿರಿಲ್ಲ, ಜೋಳ ವರ್ಷಗಟ್ಟಲೆ ಇರುತ್ತದೆ. ತೆಗೆಯುವ ದಿನ ಮಾತ್ರ ಎಚ್ಚರ ಬೇಕು. ಕಲ್ಲು ಸರಿಸಿ ಬಹಳ ಹೊತ್ತು ಹಾಗೇ ಬಿಟ್ಟು, ದೀಪ ಇಳಿಬಿಟ್ಟು, ಅದು ಆರಲಿಲ್ಲವೆಂದಾದ ಮೇಲೆ ಆಳು ಇಳಿಯಬೇಕು. ಒಳಗೆ ಕಟ್ಟಿದ ಗಾಳಿಗೆ ಸಿಕ್ಕಿ ಸತ್ತವರಿದ್ದಾರೆ. ಇಷ್ಟೆಲ್ಲ ತಿಳಿವಳಿಕೆಯಿಂದ ಕಾಳು ಉಳಿಸಿದವರನ್ನು ಮೂಢರೆಂದರೆ ಯಾರು ಒಪ್ಪುತ್ತಾರೆ?

ಬೈಬಲೂ ಒಪ್ಪುವುದಿಲ್ಲ. ಇರುವೆಯನ್ನು ನೋಡಿ ಕಲಿ ಎಂದು ಸೋಮಾರಿಗೆ ಬುದ್ಧಿ ಹೇಳುವುದು ಜ್ಞಾನೋಕ್ತಿಗಳೇ. ಆದಿಕಾಂಡದ ಯೋಸೇಫ ಏಳು ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲು ಕೂಡಿಟ್ಟು ಏಳು ಬರಗಾಲದ ವರ್ಷಗಳಲ್ಲಿ ಐಗುಪ್ತವನ್ನೂ ನೆರೆನಾಡನ್ನೂ ಬದುಕಿಸಿದ. ಅವನಷ್ಟು ವಿವೇಕಿ ಇನ್ನೊಬ್ಬನಿಲ್ಲ ಎಂದು ಫರೋಹನೇ ಹೇಳುತ್ತಾನೆ. ಇಬ್ಬರದೂ ಕಣಜ, ಇಬ್ಬರದೂ ಮುಂದಾಲೋಚನೆ. ಒಬ್ಬ ವಿವೇಕಿ, ಇನ್ನೊಬ್ಬ ಮೂಢ. ಲೂಕನಲ್ಲಿ ಆ ಸಾಹುಕಾರನ ಮಾತನ್ನು ಕಿವಿಗೊಟ್ಟು ಕೇಳಿದರೆ ವ್ಯತ್ಯಾಸ ಹೊಳೆಯುತ್ತದೆ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಜೀವವೇ ಎಂದು ತನ್ನನ್ನೇ ಕರೆದುಕೊಳ್ಳುವುದು. ಅಷ್ಟು ಮಾತಿನಲ್ಲಿ ಎರಡನೆಯ ಮನುಷ್ಯನೊಬ್ಬ ಇಲ್ಲ. ಅವನ ಲೆಕ್ಕದಲ್ಲಿ ತಪ್ಪಿಲ್ಲ, ಲೆಕ್ಕಕ್ಕೆ ಸೇರಬೇಕಾದವರನ್ನು ಸೇರಿಸಿಲ್ಲ. ಕ್ರೈಸ್ತ ದೃಷ್ಟಿಯಲ್ಲಿ ಮೌಢ್ಯವೆಂದರೆ ಇದು ಎಂಬುದು ನನ್ನ ವಾದ. ಯಾರನ್ನು ಬಿಟ್ಟು ಲೆಕ್ಕ ಹಾಕಿದೆ ಎಂದು ಕೇಳದೆ ಒಬ್ಬನ ಬುದ್ಧಿವಂತಿಕೆಯನ್ನು ಅಳೆಯಲು ಬರುವುದಿಲ್ಲ.

ಈಗ ಬರದ ಮಾತಿಗೆ ಬರೋಣ. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. ಮುಖ್ಯ ಠಾಣ್ಯ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದದ್ದು ಆಮೇಲೆ, 1880ರ ದಶಕದಲ್ಲಿ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರಿಯೂ ಕೈಹಿಡಿಯಲಿಲ್ಲ. ಬಿಜಾಪುರಕ್ಕೆ ರೈಲು ಬಂದದ್ದು 1884ರಲ್ಲಿ, ಹೋಟಗಿ-ಗದಗ ಮಾರ್ಗದಲ್ಲಿ. ಬರ ಬಿದ್ದಾಗ ಕಾಳು ಬರಬೇಕಾದರೆ ಎತ್ತಿನ ಗಾಡಿಯ ಮೇಲೆ ಬರಬೇಕು, ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಮುಂಬೈ ಇಲಾಖೆಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರ ಖಾನೇಷುಮಾರಿಯಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 6.4 ಲಕ್ಷಕ್ಕೂ ಕೆಳಗಿಳಿಯಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇಲ್ಲವಾದರು. ಕೆಲವರು ಗುಳೆ ಹೋಗಿ ಮರಳಿ ಬಾರದವರು, ಉಳಿದವರು ಸತ್ತವರು, ಹುಟ್ಟಬೇಕಾಗಿದ್ದು ಹುಟ್ಟದವರು.

ಈ ಬರದ ಆಡಳಿತದ ಕೇಂದ್ರದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಲ್ಲುತ್ತಾನೆ. ಅವನ ಕಥೆ ನಮ್ಮ ವಿಷಯಕ್ಕೆ ಎಷ್ಟು ಹತ್ತಿರದ್ದೆಂದರೆ, ಯಾರಾದರೂ ಕಟ್ಟಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಪರಿಹಾರದ ಹೊಣೆ ಅವನದೇ ಇತ್ತು. ಬರ್ಮಾದಿಂದ ಹಡಗುಗಟ್ಟಲೆ ಅಕ್ಕಿ ತರಿಸಿದ, ಧಾರಾಳವಾಗಿ ಹಂಚಿದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಮೆಚ್ಚುಗೆಯಲ್ಲ. ಇಷ್ಟು ಹಣ ಸುರಿದದ್ದು ಮೂರ್ಖತನ, ಇನ್ನು ಮುಂದೆ ಜನ ಸರಕಾರವೇ ತಮ್ಮನ್ನು ಸಾಕಬೇಕು ಎಂದುಕೊಳ್ಳುತ್ತಾರೆ ಎಂದು ಇಂಗ್ಲೆಂಡಿನ ಪತ್ರಿಕೆಗಳೂ ಅರ್ಥಶಾಸ್ತ್ರದವರೂ ಅವನನ್ನು ಹಂಗಿಸಿದರು. ಜೀವ ಉಳಿಸಿದ ಮನುಷ್ಯ ದುಂದುಗಾರನೆನಿಸಿಕೊಂಡ.

ಮೂರು ವರ್ಷದಲ್ಲಿ ಅವನು ಜಾಣನಾದ. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಅವನನ್ನು ದಕ್ಷಿಣದ ಬರಪ್ರದೇಶಗಳಿಗೆ ಕಳಿಸಿದ, ಖರ್ಚು ಬಿಗಿಹಿಡಿಯಲು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೆ ಒಂದಿಷ್ಟು ಪುಡಿಗಾಸು ಎಂದು ಟೆಂಪಲ್ ಗೊತ್ತುಪಡಿಸಿದ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಮಣ್ಣು ಹೊರುವ, ಕಲ್ಲು ಒಡೆಯುವ ಆಳಿಗೆ ಇಡೀ ದಿನಕ್ಕೆ ಇಷ್ಟು. ಈ ಲೆಕ್ಕಕ್ಕೆ ಟೆಂಪಲ್ ಕೂಲಿ ಎಂದೇ ಹೆಸರಾಯಿತು. ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಶ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕುವುದಿಲ್ಲ, ಮೈಯ ಮಾಂಸವೇ ಕರಗುತ್ತದೆ ಎಂದು ವೈದ್ಯನಾಗಿ ಬರೆದು ಬರೆದು ಜಗಳಾಡಿದ. ಮುಂಬೈ ಇಲಾಖೆಯಲ್ಲಿ ಕೂಲಿ ಇಳಿಸಿದಾಗ ಸಾವಿರಾರು ಜನ ಕಾಮಗಾರಿ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭೆ ಎಂಬ ಸಂಘಟನೆ ಅರ್ಜಿಯ ಮೇಲೆ ಅರ್ಜಿ ಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಟೆಂಪಲ್ ಮುಂಬೈಯ ಗವರ್ನರ್ ಆದ. ಕಲಾದಗಿಯೂ ಅವನ ಕೈಕೆಳಗೆ ಬಂತು. ಮೂರ್ಖತನಕ್ಕೆ ಬೈಗುಳ, ವಿವೇಕಕ್ಕೆ ಬಡ್ತಿ.

ಅವನನ್ನು ರಾಕ್ಷಸನೆಂದು ಚಿತ್ರಿಸಿ ಕೈತೊಳೆದುಕೊಳ್ಳುವುದು ಸುಲಭ. ಅದು ನನಗೆ ಬೇಡ. ಅವನು ದಕ್ಷ, ಕುದುರೆಯ ಮೇಲೆ ಜಿಲ್ಲೆ ಜಿಲ್ಲೆ ಸುತ್ತಿದವನು, ಓದಿದವನು. ಅವನು ಕಲಿತ ಹೇಲಿಬರಿಯ ಈಸ್ಟ್ ಇಂಡಿಯಾ ಕಾಲೇಜಿನಲ್ಲಿ ಅದಕ್ಕೂ ಹಿಂದೆ ಸುಮಾರು ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವನು ಥಾಮಸ್ ಮಾಲ್ಥಸ್. ಜನ ಹೆಚ್ಚುವ ವೇಗಕ್ಕೆ ಅನ್ನ ಹೆಚ್ಚುವುದಿಲ್ಲ, ಬರಗಾಲ ಆ ಅಂತರವನ್ನು ಸರಿಪಡಿಸುತ್ತದೆ ಎಂಬ ವಾದ 1798ರಲ್ಲಿ ಹೊರಟದ್ದು ಅವನ ಲೇಖನಿಯಿಂದ. ಮತ್ತು ಮಾಲ್ಥಸ್, ಸಭಿಕರೇ, ದೀಕ್ಷೆ ಪಡೆದ ಪಾದ್ರಿ.

ಕ್ರೈಸ್ತನಾದವನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಲೋಕದ ಜ್ಞಾನ ಬೇರೆ, ನಮ್ಮ ಜ್ಞಾನ ಬೇರೆ ಎಂದು ಪ್ರಸಂಗಪೀಠದಿಂದ ಹೇಳುವಾಗ, ಆ ಲೋಕದ ಜ್ಞಾನ ಎಲ್ಲೋ ಹೊರಗೆ, ಅನ್ಯರಲ್ಲಿ ಇದೆ ಎಂಬ ಭಾವ ಬಂದುಬಿಡುತ್ತದೆ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾಳನ್ನು ಹಿಂದೂಸ್ತಾನದ ಸಾಮ್ರಾಜ್ಞಿಯೆಂದು ಸಾರುವ ದರ್ಬಾರು ನಡೆಸಿದವರು ಭಾನುವಾರ ಚರ್ಚಿಗೆ ಹೋಗುವವರು. ಧಾರಣೆಗೆ ಸರಕಾರ ಕೈಹಾಕಬಾರದು, ಬೆಲೆ ಏರಿದರೆ ಕಾಳು ತಾನೇ ಬರುತ್ತದೆ ಎಂದು ಆಜ್ಞೆ ಹೊರಡಿಸಿದವರೂ ಅವರೇ. ದಕ್ಷಿಣ ಸಾಯುತ್ತಿದ್ದಾಗ ಇಂಗ್ಲೆಂಡಿಗೆ ಹೋಗುವ ಗೋಧಿಯ ಹಡಗುಗಳು ನಿಂತಿರಲಿಲ್ಲ. ಅವರ ಕೈಯಲ್ಲಿ ಬೈಬಲು ಇತ್ತು. ಕನ್ನಡಿಗರ ಕೈಯಲ್ಲೂ ಇತ್ತೆನ್ನಿ: ಬರದ ಇನ್ನೊಂದು ನಾಡಾದ ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ದುಡಿದುದರ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಬಂದಿತ್ತು.

ಆ ಬೈಬಲಿನಲ್ಲಿ, ಜ್ಞಾನ ಮೌಢ್ಯಗಳ ಬಗ್ಗೆ ಕ್ರೈಸ್ತರು ಎಲ್ಲಕ್ಕಿಂತ ಹೆಚ್ಚು ಬಳಸುವ ಭಾಗ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರಂಭ. ಶಿಲುಬೆಯ ಮೇಲೆ ಸತ್ತವನನ್ನು ರಕ್ಷಕನೆನ್ನುವುದು ಗ್ರೀಕರ ಕಿವಿಗೆ ಹುಚ್ಚುಮಾತು. ಆದರೆ ದೇವರು ಲೋಕ ಹೀಗಳೆದದ್ದನ್ನೇ ಆರಿಸಿಕೊಂಡು ಜ್ಞಾನಿಗಳನ್ನು ನಾಚಿಸಿದ ಎಂಬುದು ಅದರ ತಾತ್ಪರ್ಯ. ಇದನ್ನು ಓದುಬರಹದ ವಿರುದ್ಧ, ವಿಜ್ಞಾನದ ವಿರುದ್ಧ ಎತ್ತಿ ಹಿಡಿಯುವವರಿದ್ದಾರೆ. ಅವರು ಪತ್ರವನ್ನು ಪೂರ್ತಿ ಓದುವುದಿಲ್ಲ ಎಂದೇ ನನ್ನ ಅನುಮಾನ. ಹನ್ನೊಂದನೆಯ ಅಧ್ಯಾಯಕ್ಕೆ ಬಂದರೆ ಆ ಕೊರಿಂಥದ ಜ್ಞಾನಿಗಳು ಮಾಡುತ್ತಿದ್ದುದು ಏನೆಂದು ತಿಳಿಯುತ್ತದೆ. ಕರ್ತನ ಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಬಂದು ಉಂಡು ಕುಡಿದು ಮತ್ತರಾಗುತ್ತಿದ್ದರು. ಕೂಲಿ ಮುಗಿಸಿ ತಡವಾಗಿ ಬಂದವರಿಗೆ ಏನೂ ಉಳಿಯುತ್ತಿರಲಿಲ್ಲ. ಇಲ್ಲದವರನ್ನು ನಾಚಿಸುತ್ತೀರಾ ಎಂದು ಪೌಲ ರೇಗುತ್ತಾನೆ. ಮೊದಲ ಅಧ್ಯಾಯದಲ್ಲಿ ಅವನು ಹೊಡೆಯುವ ಜ್ಞಾನ ಇದೇ: ತನ್ನ ತಟ್ಟೆ ತುಂಬಿಸಿಕೊಂಡು, ಪಕ್ಕದವನ ಖಾಲಿ ತಟ್ಟೆಗೆ ಒಂದು ಸಿದ್ಧಾಂತ ಬಡಿಸುವ ಜ್ಞಾನ. ಯಾಕೋಬನ ಪತ್ರದಲ್ಲೂ ಇದೇ ನೆರೆಹೊರೆ. ಹಸಿದವನಿಗೆ ಹೊಟ್ಟೆತುಂಬ ಉಣ್ಣು, ಸುಖವಾಗಿ ಹೋಗು ಎಂದು ಬರಿಮಾತು ಹೇಳಿ ಕಳಿಸುವುದನ್ನು ಎರಡನೆಯ ಅಧ್ಯಾಯ ಲೇವಡಿ ಮಾಡುತ್ತದೆ. ಮೇಲಿನಿಂದ ಬರುವ ಜ್ಞಾನ ಕರುಣೆಯಿಂದ ತುಂಬಿರುತ್ತದೆ ಎಂಬ ಮಾತು ಮೂರನೆಯದರಲ್ಲಿ. ಜ್ಞಾನದ ಪ್ರಶ್ನೆ ಬಂದ ಕಡೆಯೆಲ್ಲ ಊಟದ ಪ್ರಶ್ನೆ ಬರುವುದು ಆಕಸ್ಮಿಕವಲ್ಲ.

ಹಾಗಾದರೆ ಬರದ ಕಾಲದಲ್ಲಿ ಇಲ್ಲಿದ್ದ ಮಿಶನರಿಗಳು ವಿವೇಕಿಗಳೇ? ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ ಎಂದು ಬಯಲುಸೀಮೆಯಲ್ಲಿ ನೆಲೆ ಮಾಡಿತ್ತು. ಬಿಜಾಪುರದ ಠಾಣ್ಯ ಬರ ಮುಗಿದ ಮೇಲೆ, 1885ರದು. ಬರದಲ್ಲಿ ಅವರು ಅನ್ನ ಹಾಕಿದರು, ತಂದೆತಾಯಿ ಸತ್ತ ಮಕ್ಕಳನ್ನು ತಮ್ಮ ಅನಾಥಾಲಯಗಳಿಗೆ ಕರೆದುಕೊಂಡರು, ಸಾಕಿದರು, ಕಲಿಸಿದರು, ಕ್ರೈಸ್ತರನ್ನಾಗಿ ಬೆಳೆಸಿದರು. ಹಸಿವನ್ನು ಬಳಸಿ ಜನ ಸೇರಿಸಿಕೊಂಡರು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಆ ಆಕ್ಷೇಪಕ್ಕೆ ನಾನು ಕಿವಿ ಮುಚ್ಚಿಕೊಳ್ಳುವುದಿಲ್ಲ. ಅನ್ನದ ಕೈಗೂ ದೀಕ್ಷೆಯ ಕೈಗೂ ನಡುವೆ ಎಷ್ಟು ದೂರವಿರಬೇಕು ಎಂಬುದನ್ನು ಅವರು ಇನ್ನೂ ಎಚ್ಚರದಿಂದ ಯೋಚಿಸಬಹುದಿತ್ತು. ಕೊಡುವವನ ಎದುರು ಹಸಿದವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಆದರೆ ಇನ್ನೊಂದನ್ನೂ ಹೇಳಬೇಕು. ಅದೇ ಕಾಲಕ್ಕೆ ಎರಡು ಬಗೆಯ ಲೆಕ್ಕಗಳು ನಡೆದಿದ್ದವು. ಒಂದು, ಒಬ್ಬ ಮನುಷ್ಯ ಎಷ್ಟು ಕಡಿಮೆಯಲ್ಲಿ ಬದುಕಿಯಾನು ಎಂಬ ಲೆಕ್ಕ. ಇನ್ನೊಂದು, ಬಾಗಿಲಿಗೆ ಬಂದ ಈ ಕೂಸನ್ನು ಎಲ್ಲಿ ಮಲಗಿಸುವುದು ಎಂಬ ಲೆಕ್ಕ. ಎರಡನೆಯದರಲ್ಲಿ ತಪ್ಪುಗಳಿರಬಹುದು, ಮೊದಲನೆಯದು ಬುಡದಿಂದಲೇ ತಪ್ಪು.

ಇಂಗ್ಲೆಂಡಿನಲ್ಲೂ ಎಲ್ಲರೂ ಲಿಟ್ಟನ್ನನ ಹಾದಿ ಹಿಡಿಯಲಿಲ್ಲ. 1877ರಲ್ಲಿ ಲಂಡನ್ನಿನ ಮೇಯರ್ ತೆರೆದ ಮ್ಯಾನ್ಶನ್ ಹೌಸ್ ನಿಧಿಗೆ ಸಾಮಾನ್ಯರೂ ಹಣ ಕಳಿಸಿದರು. ಅದರ ಹಂಚಿಕೆಯನ್ನು ಮದ್ರಾಸಿನಲ್ಲಿ ನೋಡಿಕೊಂಡ ಪತ್ರಕರ್ತ ವಿಲಿಯಂ ಡಿಗ್ಬಿ ಮರುವರ್ಷ ಎರಡು ಸಂಪುಟಗಳಲ್ಲಿ ಈ ಬರದ ಚರಿತ್ರೆ ಬರೆದ. ಕಲಾದಗಿಯ ಮಟ್ಟಿಗೆ ಹೆಚ್ಚು ತಿಳಿಯಬೇಕಾದವರು 1884ರ ಬಿಜಾಪುರ ಗೆಝೆಟಿಯರನ್ನು ನೋಡಬೇಕು. ಅದರ ಇಂಗ್ಲಿಷು ಒಣ, ಅಂಕಿಅಂಶಗಳು ಒಣವಲ್ಲ.

ಯೋಬನ ಗ್ರಂಥವನ್ನು ಈ ಸಂದರ್ಭದಲ್ಲಿ ಬಿಡಲಾಗದು. ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನ ಬಳಿಗೆ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಸುಮ್ಮನೆ ಕೂತಿರುವಷ್ಟು ಹೊತ್ತು ಅವರು ಒಳ್ಳೆಯವರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ತಪ್ಪು ಮಾಡದೆ ಶಿಕ್ಷೆಯಿಲ್ಲ, ಎಲ್ಲಕ್ಕೂ ನಿಯಮವಿದೆ ಎಂದು ಒಬ್ಬರಿಗಿಂತ ಒಬ್ಬರು ಸೊಗಸಾಗಿ ಮಾತಾಡುತ್ತಾರೆ. ಅವರ ಒಂದೊಂದು ವಾಕ್ಯವೂ ಜ್ಞಾನೋಕ್ತಿಗಳಿಗೆ ಸೇರಿಸಬಹುದಾದಷ್ಟು ಶಾಸ್ತ್ರಶುದ್ಧ. ಕೊನೆಯಲ್ಲಿ ದೇವರು ಸಿಟ್ಟಾಗುವುದು ದೇವರ ಮೇಲೆಯೇ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಾದಿಸಿದ ಇವರ ಮೇಲೆ. ಬರ ಬಂದದ್ದು ಜನರ ಆಲಸ್ಯದಿಂದ, ದುಂದುವೆಚ್ಚದಿಂದ, ಹೆಚ್ಚು ಹೆತ್ತಿದ್ದರಿಂದ ಎಂದು ಕಚೇರಿಗಳಲ್ಲಿ ಕೂತು ಬರೆದವರು ಆ ಮೂವರ ವಂಶದವರು. ಆ ವಂಶ ಇನ್ನೂ ನಿಂತಿಲ್ಲ, ಮತ್ತು ಅದರಲ್ಲಿ ಎಲ್ಲ ಧರ್ಮದವರೂ ಇದ್ದಾರೆ.

ಯೋಸೇಫನ ವಿಷಯದಲ್ಲಿ ಒಂದು ಮಾತು ಬಾಕಿ ಇದೆ. ಭಾನುವಾರದ ಪಾಠಗಳಲ್ಲಿ ಅದನ್ನು ಹೇಳುವುದು ಅಪರೂಪ. ಅವನು ಕೂಡಿಟ್ಟ ಕಾಳನ್ನು ಹಂಚಲಿಲ್ಲ, ಮಾರಿದ. ಆದಿಕಾಂಡದ 47ನೆಯ ಅಧ್ಯಾಯದ ಪ್ರಕಾರ ಮೊದಲು ಜನರ ಹಣ ಮುಗಿಯಿತು. ಆಮೇಲೆ ದನಕರು ಕೊಟ್ಟರು. ಅವೂ ಮುಗಿದ ಮೇಲೆ ಹೊಲ ಕೊಟ್ಟರು, ಕೊನೆಗೆ ತಮ್ಮ ಮೈಯನ್ನೇ ಕೊಟ್ಟು ಫರೋಹನ ಜೀತಕ್ಕೆ ನಿಂತರು. ನಮ್ಮ ಜೀವ ಉಳಿಸಿದಿರಿ ಎಂದು ಕೈಮುಗಿದೇ ನಿಂತರು. ಪುರೋಹಿತರ ಭೂಮಿ ಮಾತ್ರ ಅವರಿಗೇ ಉಳಿಯಿತು. ಬೈಬಲು ಇದನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಆದರೆ ಮುಂದಿನ ಪುಸ್ತಕ ತೆರೆಯುವುದು ಅದೇ ಐಗುಪ್ತದಲ್ಲಿ ಯೋಸೇಫನ ಸ್ವಂತ ಜನ ಗುಲಾಮರಾಗಿರುವುದರಿಂದ. ಅತ್ಯಂತ ವಿವೇಕಿಯ ಲೆಕ್ಕದಲ್ಲೂ ಒಂದು ಸಾಲು ಬಿಟ್ಟುಹೋಗಿತ್ತು: ಬರ ಮುಗಿದ ಮೇಲೆ ಹೊಲ ಯಾರದು?

ಆ ಸಾಲನ್ನು ತುಂಬಲು ಹೊರಟದ್ದು ಯಾಜಕಕಾಂಡದ 25ನೆಯ ಅಧ್ಯಾಯ. ಕಷ್ಟಕ್ಕೆ ಸಿಕ್ಕಿ ಮಾರಿದ ಹೊಲ ಐವತ್ತನೆಯ ವರ್ಷ ಮೊದಲಿನ ಮನೆಗೆ ಮರಳಬೇಕು, ಬಡವನಾದ ಸೋದರನಿಂದ ಬಡ್ಡಿ ತೆಗೆಯಬಾರದು, ಅವನಿಗೆ ಕಾಳನ್ನು ಲಾಭಕ್ಕೆ ಮಾರಬಾರದು ಎಂಬ ಕಟ್ಟಳೆ ಅದು. ಆ ಕಟ್ಟಳೆ ಎಷ್ಟರಮಟ್ಟಿಗೆ ನಡೆಯಿತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಡೆಯಲಿ ಬಿಡಲಿ, ಬರ ಮಳೆ ಬಂದ ದಿನಕ್ಕೆ ಮುಗಿಯುವುದಿಲ್ಲ ಎಂಬುದನ್ನು ಅದನ್ನು ಬರೆದವರು ಬಲ್ಲವರಾಗಿದ್ದರು.

ನಮ್ಮ ಕಡೆಯೂ ಅದು ಮಳೆಗೆ ಮುಗಿಯಲಿಲ್ಲ. ಬಿತ್ತಲು ಬೀಜವಿಲ್ಲ, ಹೂಡಲು ಎತ್ತಿಲ್ಲ, ಕಂದಾಯದ ಬಾಕಿ ಮಾತ್ರ ಹಾಗೇ ಇತ್ತು. ಸಾಲಕ್ಕೆ ಸಾಹುಕಾರನ ಕಟ್ಟೆ ಹತ್ತಿದವನ ಹೊಲ ದಸ್ತಾವೇಜಿನಲ್ಲಿ ಕೈಬದಲಾಯಿತು. 1880ರಲ್ಲಿ ಬರ ಆಯೋಗದ ವರದಿ ಬಂತು, ಅದರ ಬೆನ್ನಿಗೆ ಬರ ಸಂಹಿತೆಗಳು ಬಂದವು. ಅದಕ್ಕೂ ಮುಂಚೆ, 1879ರಲ್ಲಿ, ಸಾಲದಲ್ಲಿ ಮುಳುಗಿದ ರೈತರಿಗಾಗಿ ಡೆಕ್ಕನ್ ಕೃಷಿಕರ ಪರಿಹಾರ ಕಾಯಿದೆ ಬಂದಿತ್ತು. ಸಾಲದ ಹಳೆಯ ಲೆಕ್ಕವನ್ನು ಬಿಚ್ಚಿ ನೋಡುವ, ಬಡ್ಡಿ ಅತಿಯಾಗಿದ್ದರೆ ಇಳಿಸುವ ಅಧಿಕಾರವನ್ನು ಅದು ನ್ಯಾಯಾಲಯಗಳಿಗೆ ಕೊಟ್ಟಿತು. 1875ರಲ್ಲಿ ಸಾಹುಕಾರರ ಲೆಕ್ಕದ ಪುಸ್ತಕಗಳಿಗೆ ರೈತರು ಬೆಂಕಿ ಹಚ್ಚಿದ್ದು ಪುಣೆ, ಅಹಮದನಗರಗಳ ಕಡೆ. ಕಾಯಿದೆ ಮೊದಲು ಜಾರಿಯಾದದ್ದು ಪುಣೆ, ಅಹಮದನಗರ, ಸೊಲ್ಲಾಪುರ, ಸಾತಾರಾ ಈ ನಾಲ್ಕು ಜಿಲ್ಲೆಗಳಲ್ಲಿ. ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡ ಕಲಾದಗಿ ಆ ಪಟ್ಟಿಯಲ್ಲಿ ಇರಲಿಲ್ಲ.